ಅತ್ತಿಗೆಯ ಮಕ್ಕಳು ಕಾಣೆಯಾದ ದಿನ

"ಮಕ್ಕಳು ಕಾಣ್ತಿಲ್ಲ ಕಣೇ! ಒಬ್ಬರೂ ಇಲ್ಲ!"

ಬೆಳಿಗ್ಗೆ ಎಂಟೂಕಾಲಿಗೆ ಫೋನಿನಲ್ಲಿ ಇಂಥ ಮಾತು ಕೇಳಿದರೆ ಯಾರಿಗಾದರೂ ಎದೆ ಧಸಕ್ಕೆನ್ನಬೇಕು. ಸಿಕ್ತಮ್ಮನಿಗೆ ಅನ್ನಲಿಲ್ಲ. ಅತ್ತಿಗೆ ಹೆತ್ತದ್ದು ಒಬ್ಬನೇ ಮಗನನ್ನು. ಅವನಿಗೀಗ ಮೂವತ್ತೆಂಟು, ಕೆಲಸದ ಮೇಲೆ ಬೇರೆ ಊರಿಗೆ ಹೋಗಿ ನಾಲ್ಕು ದಿನವಾಗಿತ್ತು. ಅತ್ತಿಗೆ ಬಾಯಲ್ಲಿ "ಮಕ್ಕಳು" ಎಂದರೆ ಬೇರೆಯೇ ಮಕ್ಕಳು.

"ಎಲ್ಲಿಂದ ಕಾಣ್ತಿಲ್ಲ ಅತ್ತಿಗೆ?"

"ಕಂಪ್ಯೂಟರಿನಿಂದ! ಅಡ್ರೆಸ್ ಬುಕ್ಕಿಗೆ ಅಡ್ರೆಸ್ ಬುಕ್ಕೇ ಖಾಲಿ!"

"ಯಾರೂ ಏನೂ ಮುಟ್ಟಬೇಡಿ. ಬಂದೆ."

ಸಿಕ್ತಮ್ಮ ಎಂಬುದು ಅವಳ ನಿಜವಾದ ಹೆಸರಲ್ಲ. ಮೂವತ್ತೊಂದು ವರ್ಷ ಅವಳು ಬಸ್ ನಿಲ್ದಾಣದಲ್ಲಿ, ಜನ ಮರೆತುಹೋದ ಸಾಮಾನು ಕಾಯುವ ಕೌಂಟರಿನಲ್ಲಿ ಕೂತಿದ್ದಳು. ಕೊಡೆ, ಕನ್ನಡಕ, ಟಿಫಿನ್ ಡಬ್ಬಿ, ಒಮ್ಮೆ ಒಂದು ಹಲ್ಲಿನ ಸೆಟ್ಟು. ವಾರಸುದಾರರಿಗೆ ಫೋನು ಮಾಡಿ "ಸಿಕ್ತಮ್ಮಾ, ನಿಮ್ಮದು ಸಿಕ್ತು" ಎಂದು ಹೇಳಿ ಹೇಳಿ ಅದೇ ಹೆಸರಾಯಿತು. ನಿವೃತ್ತಿಯಾಗಿ ಎರಡು ವರ್ಷವಾದರೂ ಬಳಗದಲ್ಲಿ ಏನು ಕಳೆದರೂ ಕರೆ ಬರುವುದು ಅವಳಿಗೇ.

ಎರಡು ಬೀದಿ ದಾಟಿ ಅಣ್ಣನ ಮನೆಗೆ ಬರುವ ಹೊತ್ತಿಗೆ ಅತ್ತಿಗೆ ಹಜಾರದ ಮೂಲೆಯ ಕಂಪ್ಯೂಟರಿನ ಮುಂದೆ, ಕಪ್ಪು ಕನ್ನಡಕ ಹಾಕಿಕೊಂಡು, ಸೆರಗಿನ ತುದಿಯನ್ನು ಹಿಂಡುತ್ತ ಕೂತಿದ್ದರು. ಕಣ್ಣಿನ ಪೊರೆ ತೆಗೆಸಿ ಹದಿನೈದು ದಿನವಾಗಿತ್ತಷ್ಟೆ.

ಅತ್ತಿಗೆ ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ನರ್ಸ್ ಆಗಿದ್ದವರು. ಅವರ ಕೈಯಲ್ಲಿ ಭೂಮಿಗೆ ಬಂದ ಮಕ್ಕಳಲ್ಲಿ ವಿಳಾಸ ಸಿಕ್ಕವರಿಗೆಲ್ಲ, ಪ್ರತಿ ವರ್ಷ, ಹುಟ್ಟಿದ ದಿನದಂದು ಒಂದು ಕಾಗದ. ಮೊದಲು ಅಂಚೆ, ಈಗ ಈಮೇಲ್. ಅದಕ್ಕೊಂದು ಚಿತ್ರವೂ ಇರುತ್ತಿತ್ತು. ಅಂಗಡಿಗಳಿಗೆ ಬೋರ್ಡು ಬರೆದು ಬಾಳಿದ ಅಣ್ಣ, ಮಗುವಿನ ಹೆಸರಿನ ಮೊದಲ ಅಕ್ಷರವನ್ನು ರಟ್ಟಿನ ಮೇಲೆ ಬಣ್ಣದಲ್ಲಿ ಬರೆದು ಕೊಡುತ್ತಿದ್ದ. ಅತ್ತಿಗೆ ಅದರ ಫೋಟೊ ತೆಗೆದು ಕಳಿಸುತ್ತಿದ್ದರು. ಒಂದು ದಿನವೂ ತಪ್ಪಿರಲಿಲ್ಲ. ಕಣ್ಣಿನ ಆಪರೇಷನ್ನಿನ ದಿನವೂ!

"ಇವತ್ತು ಇಬ್ಬರದು," ಎಂದರು ಅತ್ತಿಗೆ. "ದಿನ ನೆನಪಿದೆ, ಮುಖ ನೆನಪಿದೆ, ಅಳು ಸಹ ನೆನಪಿದೆ. ಈ ಈಮೇಲ್ ವಿಳಾಸ ಯಾರಿಗೆ ನೆನಪಿರುತ್ತೆ ಹೇಳು? ಚುಕ್ಕೆ ಎಲ್ಲಿ, ಗೆರೆ ಎಲ್ಲಿ..."

"ಸಿಗುತ್ತೆ ಅತ್ತಿಗೆ. ಒಟ್ಟು ಎಷ್ಟು ಜನ ಇದ್ರು?"

"ಎಣಿಸಿಲ್ಲಮ್ಮ. ಮಕ್ಕಳನ್ನ ಯಾರಾದ್ರೂ ಎಣಿಸ್ತಾರಾ? ಐನೂರೋ ಏಳುನೂರೋ."

"ಕೊನೇ ಸಲ ನೋಡಿದ್ದು ಯಾವಾಗ?"

"ನಿನ್ನೆ ಬೆಳಿಗ್ಗೆ. ನಾನು ಹೇಳಿದೆ, ನಿಮ್ಮಣ್ಣ ಟೈಪ್ ಮಾಡಿ ಕಳಿಸಿದ್ರು. ಆಗೆಲ್ಲ ಇದ್ರು."

ಸಿಕ್ತಮ್ಮ ಕುರ್ಚಿ ಎಳೆದುಕೊಂಡಳು. ಮೇಲ್ ಪ್ರೋಗ್ರಾಮ್ ತೆರೆದೇ ಇತ್ತು. ಬಂದ ಕಾಗದಗಳು ಇದ್ದವು. ಅತ್ತಿಗೆಯ ಸಹಿ ಇತ್ತು. ಅಡ್ರೆಸ್ ಬುಕ್ ಒತ್ತಿದಳು. ಖಾಲಿ? ಪೂರ್ತಿ ಖಾಲಿಯಲ್ಲ. ಮೇಲುಗಡೆ ಒಂದಷ್ಟು ಹೆಸರು ಅಂಟಿಕೊಂಡಿದ್ದವು. ಬೆರಳಿಟ್ಟು ಎಣಿಸಿದಳು. ಒಂಬತ್ತು. ಕಣ್ಣಿನ ಆಸ್ಪತ್ರೆ, ನಲ್ಲಿ ರಿಪೇರಿಯವನು, ಗ್ಯಾಸಿನವರು, ಲೈಬ್ರರಿ, ಬ್ರಷ್ ಅಂಗಡಿ, ಪೇಪರ್ ಏಜೆಂಟ್, ಟೈಲರ್, ಮಗನ ಆಫೀಸು. ಒಂಬತ್ತನೆಯದು ಅವಳದೇ ಹೆಸರು. ಗ್ಯಾಸಿನವರ ಸಾಲಿನಲ್ಲಿ ತನ್ನನ್ನು ಕಂಡು ಅವಳಿಗೆ ಸಮಾಧಾನವೂ ಆಯಿತು, ಚೂರು ಅವಮಾನವೂ ಆಯಿತು.

"ಕಳಿಸಿದ ಕಾಗದಗಳಲ್ಲಿ ವಿಳಾಸ ಇರಬೇಕಲ್ಲ ಅತ್ತಿಗೆ? ಹೋದ ವರ್ಷ ಇದೇ ದಿನ ಕಳಿಸಿದ್ದು?"

"ಅದನ್ನೇ ಹೇಳೋಕೆ ಹೊರಟೆ ಚಿಕ್ಕತ್ತೆ." ಅಡುಗೆಮನೆ ಬಾಗಿಲಲ್ಲಿ ಸೊಸೆ ನಿಂತಿದ್ದಳು, ಕೈಯಲ್ಲಿ ಚಹದ ಲೋಟ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸ, ಮಾತು ಚುರುಕು. "ಮೊನ್ನೆ ಕಂಪ್ಯೂಟರಿನವನು ಬಂದಿದ್ದ. ತೀರಾ ನಿಧಾನ ಆಗಿದೆ ಅಂತ ಮೂರು ತಿಂಗಳಿಗಿಂತ ಹಳೇದೆಲ್ಲ ತೆಗೆದು ಹಗುರ ಮಾಡಿದ. ನನ್ನ ಕೇಳಿದ್ರೆ ಅವನದೇ ಕೈವಾಡ."

"ನಿನ್ನೆ ನೀನು ಕಂಪ್ಯೂಟರ್ ಮುಟ್ಟಿದ್ಯಾ?"

ಸೊಸೆಯ ಮುಖ ಬಿಗಿಯಿತು. "ಸಂಜೆ. ಅತ್ತೆಯ ಕಣ್ಣಿನ ಹನಿ ಹಾಕೋ ಪಟ್ಟಿ ಪ್ರಿಂಟ್ ತೆಗೆದೆ. ಅಡ್ರೆಸ್ ಬುಕ್ ತೆರೆದಿಲ್ಲ. ಇದೆಲ್ಲ ಫೋನಿಗೆ ಹಾಕ್ಕೊಳ್ಳಿ ಅಂತ ನಾನು ದಿನಾ ಬಾಯಿ ಬಡ್ಕೊಳ್ತೀನಿ, ನಿಜ. ಹಾಗಂತ ಅಳಿಸಿ ಬುದ್ಧಿ ಕಲಿಸ್ತೀನಾ?"

"ಯಾರೂ ಹಾಗಂದಿಲ್ಲ ಕಣಮ್ಮ. ಮಧ್ಯಾಹ್ನ?"

"ಮಧ್ಯಾಹ್ನ ನಾನೂ ಅತ್ತೆಯೂ ಕಣ್ಣಿನ ಆಸ್ಪತ್ರೇಲಿ. ಎರಡರಿಂದ ಐದರ ತನಕ."

ಸಿಕ್ತಮ್ಮ ಕಂಪ್ಯೂಟರಿನವನಿಗೆ ಫೋನು ಹಚ್ಚಿದಳು.

"ಫೈಲ್ ಕೆಟ್ಟಿರಬೇಕು ಅಮ್ಮ," ಎಂದ ಅವನು. "ಹಳೇ ಮಿಷಿನ್ನು. ಒಂದೊಂದ್ಸಲ ಅಡ್ರೆಸ್ ಬುಕ್ ಇಡಿಯಾಗಿ ಹಾರಿಹೋಗುತ್ತೆ."

"ಇಡಿಯಾಗಿ?"

"ಹೂಂ. ಹೋದ್ರೆ ಪೂರ್ತಿ ಹೋಗುತ್ತೆ."

"ಅದರಲ್ಲಿ ಎಷ್ಟು ಹೆಸರು ಇದ್ವು, ನೋಡಿದ್ರಾ?"

"ಎಣಿಸೋಕೆ ಹೋಗಿಲ್ಲ. ಉದ್ದ ಲಿಸ್ಟು. ಅಂಕಲ್‌ಗೆ ಹೇಳಿದ್ದೆ, ಏನೇ ತೆಗೆಯೋ ಮೊದಲು ಒಂದು ಕಾಪಿ ಇಟ್ಕೊಳ್ಳಿ ಅಂತ. ಹೇಗೆ ಅಂತ ಕೂತು ತೋರಿಸಿಕೊಟ್ಟೆ ಕೂಡ. ಅವರನ್ನ ಕೇಳಿ."

ಅವಳು ಹಿಂದಿನ ಕೋಣೆಗೆ ಹೋದಳು.

ಅಣ್ಣ ಕಿಟಕಿಯ ಬೆಳಕಿಗೆ ಕೂತು ಒಂದು ರಟ್ಟಿನ ಮೇಲೆ ಬಗ್ಗಿದ್ದ. ಕೆಂಪು ಅಕ್ಷರ, ಸುತ್ತ ಹಳದಿ ಅಂಚು. ಎಪ್ಪತ್ತೆರಡು ದಾಟಿದರೂ ಕೈ ಚೂರೂ ಅಲುಗುತ್ತಿರಲಿಲ್ಲ. ಇವತ್ತು ಅಂಚು ಒಂದು ಕಡೆ ಗೆರೆ ದಾಟಿತ್ತು.

"ಬಾರಮ್ಮ. ನೋಡಿದ್ಯಾ ಈ ಅನ್ಯಾಯಾನ? ಪಾಪ, ನಿಮ್ಮ ಅತ್ತಿಗೆ ತಿಂಡಿ ಕೂಡ ಮುಟ್ಟಿಲ್ಲ. ಮಿಷಿನ್ ಅಂದ್ರೆ ಹೀಗೇ. ಆರುನೂರ ನಲವತ್ತೊಂದು ಮಕ್ಕಳು, ಕಣ್ಣುಮುಚ್ಚಿ ತೆಗೆಯೋದ್ರೊಳಗೆ ಮಾಯ! ನಮ್ಮ ಕಾಲದಲ್ಲಿ ನೋಟ್‌ಬುಕ್ ಇತ್ತು. ಇಲಿ ಕಡಿದ್ರೂ ಅರ್ಧ ಉಳೀತಿತ್ತು."

"ನಿನ್ನೆ ಮಧ್ಯಾಹ್ನ ಎಲ್ಲಿದ್ದೆ ಅಣ್ಣ?"

"ಇಲ್ಲೇ. ಈ ಅಕ್ಷರಕ್ಕೆ ಕೆಂಪು ಹಚ್ತಾ ಇದ್ದೆ."

"ಕಾಪಿ ಇಟ್ಕೊಳ್ಳೋದು ಕಂಪ್ಯೂಟರಿನವನು ನಿನಗೆ ತೋರಿಸಿದ್ನಂತೆ?"

"ತೋರಿಸಿದ. ನನ್ನ ತಲೆಗೆ ಎಲ್ಲಿ ಹತ್ತುತ್ತೆ ಬಿಡು," ಎಂದ ಅಣ್ಣ, ಬ್ರಷ್ಷನ್ನು ಬೇಡದಿದ್ದರೂ ಇನ್ನೊಮ್ಮೆ ತೊಳೆಯುತ್ತ.

ಸಿಕ್ತಮ್ಮ ಬಾಗಿಲ ಬಳಿ ಸ್ವಲ್ಪ ಹೊತ್ತು ನಿಂತಳು. ಏನೋ ಒಂದು ಮಾತು ಕಿವಿಯಲ್ಲಿ ಮುಳ್ಳಿನಂತೆ ಕೂತಿತ್ತು. ಯಾವುದು ಅದು? ಹಜಾರಕ್ಕೆ ಹೋಗುವಷ್ಟರಲ್ಲಿ ಹೊಳೆಯಿತು. ಹೊಳೆದದ್ದಕ್ಕೆ ಖುಷಿಯಾಗಲಿಲ್ಲ. ಅಪ್ಪ ಹೋದ ಮೇಲೆ ತನ್ನನ್ನು ಓದಿಸಿದವನು, ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನು ಇದೇ ಅಣ್ಣ. ಆದರೆ ಅಲ್ಲಿ ಸೊಸೆ ಮುಖ ಊದಿಸಿಕೊಂಡು ನಿಂತಿದ್ದಳು, ಕಂಪ್ಯೂಟರಿನವನ ಹೆಸರು ಕೆಡುತ್ತಿತ್ತು. ಮಾಡದ ತಪ್ಪನ್ನು ಇಬ್ಬರ ತಲೆಗೆ ಕಟ್ಟಿ ಸುಮ್ಮನಿರುವುದು ಅವಳ ಜಾಯಮಾನದಲ್ಲಿ ಇರಲಿಲ್ಲ.

"ಎಲ್ಲರೂ ಬನ್ನಿ," ಎಂದಳು. "ಅಣ್ಣ, ನೀನೂ ಬಾ."

ನಾಲ್ವರೂ ಕಂಪ್ಯೂಟರಿನ ಸುತ್ತ ಕೂತರು.

"ಎಲ್ಲರೂ ಹೋಗಿದ್ದನ್ನೇ ನೋಡಿದ್ರಿ. ನಮ್ಮ ಕೌಂಟರಿನಲ್ಲಿ ನಾವು ಮೊದಲು ಉಳಿದಿದ್ದನ್ನ ನೋಡ್ತಿದ್ವಿ. ಇಲ್ಲಿ ಒಂಬತ್ತು ಹೆಸರು ಉಳಿದಿವೆ. ಒಂಬತ್ತರಲ್ಲಿ ಒಂದಾದ್ರೂ ಮಗು ಇದೆಯಾ?"

ಅತ್ತಿಗೆ ತಲೆಯಾಡಿಸಿದರು. "ಇಲ್ಲ. ಮಕ್ಕಳ ಹೆಸರಿಗೆಲ್ಲ ಮೊದಲು ಅವರವರು ಹುಟ್ಟಿದ ತಾರೀಕು ಹಾಕಿದ್ದೆ."

"ಹೌದಲ್ಲ? ಅದಕ್ಕೇ ಅಂಕಿ ಇರೋ ಹೆಸರುಗಳೆಲ್ಲ ಪಟ್ಟಿಯ ಮೇಲ್ಗಡೆ ಒಟ್ಟಿಗಿದ್ವು, ಮಿಕ್ಕವು ಕೆಳಗೆ. ಮೊದಲನೇ ಮಗು ಒತ್ತಿ, ಕೊನೇ ಮಗು ಒತ್ತಿದ್ರೆ ಅಷ್ಟೂ ಒಂದೇ ಏಟಿಗೆ ಸಿಗುತ್ತೆ. ಮಿಷಿನ್ ಕೆಟ್ಟಿದ್ರೆ ಪೂರ್ತಿ ಹೋಗಬೇಕಿತ್ತು. ಮಕ್ಕಳು ಯಾರು, ಗ್ಯಾಸಿನವರು ಯಾರು ಅಂತ ಮಿಷಿನ್‌ಗೆ ಏನು ಗೊತ್ತು? ಇದು ಕೈ ಮಾಡಿದ ಕೆಲಸ. ಮನುಷ್ಯರ ಕೈ."

"ಕಂಪ್ಯೂಟರಿನವನು..." ಎಂದಳು ಸೊಸೆ.

"ಅವನು ಬಂದಿದ್ದು ಮೊನ್ನೆ. ನಿನ್ನೆ ಬೆಳಿಗ್ಗೆ ಮಕ್ಕಳೆಲ್ಲ ಇದ್ರು. ಅವನಲ್ಲ."

"ಹಾಗಾದ್ರೆ ನಾನಾ?"

"ನೀನೂ ಅಲ್ಲ. ಎಷ್ಟು ಮಕ್ಕಳು ಅಂತ ಅತ್ತಿಗೆಗೆ ಗೊತ್ತಿಲ್ಲ. ನಿನಗೆ ಗೊತ್ತಾ?"

"ಇಲ್ಲಪ್ಪ."

"ಅವನಿಗೂ ಗೊತ್ತಿಲ್ಲ. ಈ ಮನೇಲಿ ಯಾರೂ ಯಾವತ್ತೂ ಎಣಿಸಿಲ್ಲ. ಪುಸ್ತಕದ ಕೆಳಗೆ ಒಟ್ಟು ಸಂಖ್ಯೆ ತೋರಿಸುತ್ತೆ, ನಿಜ. ಆದರೆ ಅದು ಈ ಒಂಬತ್ತೂ ಸೇರಿ. ಬರೀ ಮಕ್ಕಳ ಸಂಖ್ಯೆ ತೋರೋದು ಒಂದೇ ಸಲ. ಅಷ್ಟನ್ನೂ ಆರಿಸಿ ಡಿಲೀಟ್ ಒತ್ತಿದಾಗ. ಇಂತಿಷ್ಟು ಹೆಸರು ಅಳಿಸ್ತೀನಿ, ಖಂಡಿತಾನಾ? ಅಂತ ಕೇಳುತ್ತೆ." ಅವಳು ಅಣ್ಣನತ್ತ ತಿರುಗಿದಳು. ದನಿ ತಾನಾಗಿ ಮೆತ್ತಗಾಯಿತು. "ಆರುನೂರ ನಲವತ್ತೊಂದು ಅಂತ ನಿನಗೆ ಯಾರು ಹೇಳಿದ್ರು ಅಣ್ಣ?"

ಅಣ್ಣ ಬೆರಳಿಗಂಟಿದ ಕೆಂಪು ಬಣ್ಣವನ್ನು ಪಂಚೆಗೆ ಒರೆಸಿಕೊಂಡ.

"ರೀ?" ಎಂದರು ಅತ್ತಿಗೆ. "ನೀವಾ? ಯಾಕ್ರೀ?"

ಅಣ್ಣ ಜೇಬಿನಿಂದ ಒಂದು ಪೆನ್ ಡ್ರೈವ್ ತೆಗೆದು ಮೇಜಿನ ಮೇಲಿಟ್ಟ. "ಎಲ್ಲ ಇದರಲ್ಲಿವೆ. ಕಾಪಿ ಇಟ್ಟೇ ತೆಗೆದಿದ್ದು. ಇವತ್ತೊಂದು ದಿನ ದಾಟಿದ್ರೆ ವಾಪಸ್ ಹಾಕ್ತಿದ್ದೆ." ಹೆಂಡತಿಯತ್ತ ತಿರುಗಿದ. "ನೀನು ಆಸ್ಪತ್ರೆಗೆ ಹೋದ ಮೇಲೆ ಒಂದು ಕಾಗದ ಬಂತು. ಇವತ್ತಿನ ಹುಡುಗಂದು. ನಾಳೆ ನಿಮ್ಮ ಕಾಗದ ಬರುತ್ತೆ ಅಂತ ಗೊತ್ತು, ದಯವಿಟ್ಟು ಕಳಿಸಬೇಡಿ, ನನಗೆ ಇಷ್ಟ ಇಲ್ಲ, ಇನ್ನು ಯಾವತ್ತೂ ಬೇಡ ಅಂತ. ಇದನ್ನ ನಿನಗೆ ನಾನು ಹೇಗೆ ಓದಿ ಹೇಳಲಿ? ಕಣ್ಣಲ್ಲಿ ನೀರು ಬರಬಾರದು ಅಂತ ಡಾಕ್ಟರು ಬೇರೆ ಹೇಳಿದ್ದಾರೆ."

"ಅವನೊಬ್ಬನ ಹೆಸರು ತೆಗೆದಿದ್ರೆ ಸಾಕಿತ್ತಲ್ಲ ಮಾವ?" ಎಂದಳು ಸೊಸೆ.

"ಒಬ್ಬ ಇಲ್ಲ ಅಂದ್ರೆ ನಿಮ್ಮತ್ತೆ ಬಿಡ್ತಾಳಾ? ಎಲ್ಲಿ, ಏನಾಯ್ತು, ಹೇಗಿದಾನೆ ಅಂತ ಜೀವ ತಿಂತಾಳೆ. ಎಲ್ಲರೂ ಹೋದ್ರೆ ತಪ್ಪು ಮಿಷಿನ್ನಿನ ಮೇಲೆ ಹೋಗುತ್ತೆ ಅಂದ್ಕೊಂಡೆ. ನಿನ್ನ ಮೇಲೆ ಬರುತ್ತೆ ಅಂತ ಹೊಳೀಲಿಲ್ಲ ಕಣಮ್ಮ. ತಪ್ಪಾಯ್ತು."

ಅತ್ತಿಗೆ ಕಪ್ಪು ಕನ್ನಡಕ ತೆಗೆದರು. ಅಳುತ್ತಾರೆಂದು ಸಿಕ್ತಮ್ಮ ಕರವಸ್ತ್ರ ಹುಡುಕಿದಳು. ಅವರು ನಗುತ್ತಿದ್ದರು.

"ಅಷ್ಟಕ್ಕಾ? ಅಯ್ಯೋ ನನ್ನ ಯಜಮಾನರೇ! ಬೇಡ ಅಂದವರು ಇವನೊಬ್ಬನೇ ಅಂದ್ಕೊಂಡ್ರಾ? ಇವನನ್ನ ಬಿಟ್ಟು ಮೂವತ್ತೆಂಟು ಜನ ಅಂದಿದ್ದಾರೆ."

"ಮೂವತ್ತೆಂಟು?"

"ಇದನ್ನ ಮಾತ್ರ ಎಣಿಸಿಟ್ಟಿದೀನಿ. ನಿಮಗೆ ಹೇಳಿರಲಿಲ್ಲ. ನೀವು ಅಷ್ಟು ಆಸೆಯಿಂದ ಅಕ್ಷರ ಬರೆದುಕೊಡ್ತಿದ್ರಿ. ಬೇಡವಂತೆ ಅಂತ ಯಾವ ಬಾಯಲ್ಲಿ ಹೇಳಲಿ? ನೀವು ಕೊಡ್ತಿದ್ರಿ, ನಾನು ಇಸ್ಕೊಂಡು ಬೀರುವಿನಲ್ಲಿ, ಸೀರೆಗಳ ಕೆಳಗೆ ಇಡ್ತಿದ್ದೆ."

ಅಣ್ಣನ ಬಾಯಿ ತೆರೆದೇ ಉಳಿಯಿತು. "ಅದಕ್ಕೇ ಹೋದ ವಾರ, ಆ ಲಿಫ್ಟಿನಲ್ಲಿ ಹುಟ್ಟಿದ ಹುಡುಗಿಗೆ ಕಾಗದ ಟೈಪ್ ಮಾಡಲಾ ಅಂದ್ರೆ 'ಇವತ್ತು ಬೇಡ, ಕಣ್ಣು ಸರಿಹೋದ ಮೇಲೆ ನಾನೇ ಬರೀತೀನಿ' ಅಂದ್ಯಾ?"

"ಮತ್ತಿನ್ನೇನು!"

ಸಿಕ್ತಮ್ಮ ಇಬ್ಬರನ್ನೂ ನೋಡಿದಳು. ನಲವತ್ತೆರಡು ವರ್ಷ ಒಂದೇ ಸೂರಿನ ಕೆಳಗೆ ಬಾಳಿ, ಒಬ್ಬರಿಗೊಬ್ಬರು ನೋವಾಗದಿರಲಿ ಎಂದು ಇಬ್ಬರೂ ಕಳ್ಳತನ ಮಾಡಿದ್ದರು. ಒಬ್ಬನನ್ನು ಅವಳು ಹಿಡಿದಿದ್ದಳು. ಇನ್ನೊಬ್ಬರು ಸಿಕ್ಕಿದ್ದು ಅವಳ ಜಾಣತನದಿಂದಲ್ಲ.

ಸೊಸೆ ಪೆನ್ ಡ್ರೈವ್ ಚುಚ್ಚಿ ನಾಲ್ಕು ಸಲ ಟಕಟಕ ಒತ್ತಿದಳು. ಪರದೆ ತುಂಬ ಹೆಸರುಗಳು ಸುರಿದವು. ಕಾಲು ಮುಂದಾಗಿ ಬಂದವನು, ಬೇಕರಿ ಬೀದಿಯ ಅವಳಿಗಳು, ಆಂಬುಲೆನ್ಸಿನವಳು. ಅತ್ತಿಗೆ ಅಡ್ಡಹೆಸರಿನಲ್ಲೇ ಎಲ್ಲರನ್ನೂ ಬರೆದುಕೊಂಡಿದ್ದರು.

"ಇವತ್ತಿನ ಹುಡುಗನ ಕಾಗದ ಓದು," ಎಂದರು ಅತ್ತಿಗೆ.

ಡಿಲೀಟ್ ಆದ ಕಾಗದಗಳ ನಡುವೆ ಅದು ಇನ್ನೂ ಇತ್ತು. ಸಿಕ್ತಮ್ಮ ಓದಿದಳು. ಅಣ್ಣ ಹೇಳಿದಷ್ಟೇ ಇತ್ತು. ಸಿಹಿಯ ಮಾತು ಒಂದೂ ಇರಲಿಲ್ಲ.

ಅತ್ತಿಗೆ ಪರದೆಯತ್ತ ಬಾಗಿದರು. "ಇವನು ಹುಟ್ಟಿದಾಗ ಅಳಲಿಲ್ಲ ಗೊತ್ತಾ? ಬೆನ್ನು ತಟ್ಟಿದೆ, ಅಂಗಾಲು ತಿಕ್ಕಿದೆ. ಎರಡು ನಿಮಿಷ ಉಸಿರೇ ಇಲ್ಲ. ಅವನ ಅಮ್ಮ ನನ್ನ ಮುಖವನ್ನೇ ನೋಡ್ತಿದ್ಲು. ಒಂದೇ ಒಂದು ಸದ್ದು ಮಾಡು ಮಾರಾಯ ಅಂತ ಬೇಡ್ಕೊಂಡಿದ್ದೆ. ಈಗ ನೋಡು, ಎಷ್ಟು ಗಟ್ಟಿಯಾಗಿ ಬೇಡ ಅಂತಿದಾನೆ."

ಕನ್ನಡಕವನ್ನು ಮತ್ತೆ ಏರಿಸಿಕೊಂಡರು.

"ಅವನನ್ನ ಪುಸ್ತಕದಿಂದ ತೆಗೀಬೇಡಿ. ಕಾಗದ ಬೇಡ, ಅಷ್ಟೇ. ಇನ್ನೊಬ್ಬಳು ಕಾಯ್ತಿರ್ತಾಳೆ. ರೀ, ಟೈಪ್ ಮಾಡಿ: ಪ್ರೀತಿಯ ಪುಟ್ಟಿ..."

"ಅವಳಿಗೆ ಇಪ್ಪತ್ತೊಂಬತ್ತು ಕಣೇ. ಪುಟ್ಟಿ ಅಂತಾರಾ?"

"ನಾನು ನೋಡಿದಾಗ ಎರಡೂವರೆ ಕಿಲೋ ಇದ್ಲು. ಪುಟ್ಟೀನೇ. ಹಾಕಿ!"

ಅಣ್ಣ ಒಂದೇ ಬೆರಳಿನಿಂದ, ಅಕ್ಷರಕ್ಕೊಂದು ಸಲ ತಲೆಯಾಡಿಸುತ್ತ, ಒತ್ತತೊಡಗಿದ. ಸೊಸೆ ಅತ್ತೆಯ ತಿಂಡಿಯನ್ನು ಬಿಸಿಮಾಡಲು ಒಳಗೆ ಹೋದಳು. ಸಿಕ್ತಮ್ಮ ಫೋನು ತೆಗೆದು ಕಂಪ್ಯೂಟರಿನವನಿಗೆ ಕರೆ ಮಾಡಿದಳು.

"ಸಿಕ್ತಪ್ಪಾ," ಎಂದಳು. "ನಿಮ್ಮ ತಪ್ಪು ಏನೂ ಇರಲಿಲ್ಲ."