ಉಸಿರು ಕಾಯುವವಳು

"ನನ್ನ ಮದುವೆ ಆಗ್ತೀರಾ?" ಎಂದು ಡಾಕ್ಟರು ಕೇಳಿ ಹನ್ನೊಂದು ದಿನವಾಗಿತ್ತು. ನಾನು ಹೂಂ ಅಂದಿರಲಿಲ್ಲ, ಉಹೂಂ ಅಂದಿರಲಿಲ್ಲ. "ಒಳಗೆ ಏನೂ ಅನ್ನಿಸ್ತಾ ಇಲ್ಲ ಡಾಕ್ಟ್ರೇ," ಅಂದಿದ್ದೆ. ಅದು ನೆಪವಲ್ಲ, ನಿಜ.

ಮಕ್ಕಳ ಐಸಿಯುನಲ್ಲಿ ನಾನು ನರ್ಸ್. ಮಗುವಿಗೆ ನಿದ್ದೆಯ ಔಷಧಿ ಕೊಟ್ಟು ಸೂಜಿಯೋ ಟ್ಯೂಬೋ ಹಾಕುವಾಗ ಉಸಿರು ಕಾಯುವುದಷ್ಟೇ ನನ್ನ ಕೆಲಸ. ಮೂಗಿನ ಕೆಳಗೊಂದು ಸಣ್ಣ ನಳಿಗೆ. ಪ್ರತಿ ಉಸಿರೂ ಮಾನಿಟರಿನಲ್ಲಿ ಅಲೆಯಾಗಿ ಏಳುತ್ತದೆ, ಉಸಿರು ನಿಂತ ಕೂಡಲೇ ಅಲೆ ಮಲಗುತ್ತದೆ. ಪಕ್ಕದ ಆಕ್ಸಿಜನ್ ಅಂಕಿ ಇಳಿಯುವುದು ಆಮೇಲೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಜಾತಿ ಅದು.

ಕಳೆದ ವರ್ಷ ಒಬ್ಬ ಪುಟ್ಟ ಹುಡುಗಿಗೆ ಟ್ಯೂಬ್ ಹಾಕುವಾಗ ಇನ್ನೊಬ್ಬ ಡಾಕ್ಟರಿಗೆ "ಉಸಿರಿಲ್ಲ, ನಿಲ್ಲಿಸಿ" ಅಂದಿದ್ದೆ. "ನಂಬರ್ ಚೆನ್ನಾಗೇ ಇದೆಯಲ್ಲ ಸಿಸ್ಟರ್," ಅಂದರು. ನಿಲ್ಲಿಸಲಿಲ್ಲ. ಆ ಹುಡುಗಿ ಉಳಿಯಲಿಲ್ಲ. ನಾನು ಅಳಲಿಲ್ಲ, ಮರಗಟ್ಟಿದೆ. ಅಮ್ಮ ಬೈದರೂ, ಮದುವೆ ಕೇಳಿದ ಈ ಡಾಕ್ಟರು ಕಣ್ಣಂಚಲ್ಲಿ ನಕ್ಕರೂ ನನಗೆ ಎರಡೂ ಒಂದೇ ಆಗಿಹೋಯಿತು.

ಇವತ್ತು ಮೂರು ವರ್ಷದ ಮಗುವಿನ ಬೆನ್ನಿನಿಂದ ನೀರು ತೆಗೆಯಬೇಕಿತ್ತು. ಆಯಾ ಮಗುವನ್ನು ಮಗ್ಗುಲಾಗಿ ಮುದುಡಿಸಿ ಹಿಡಿದಿದ್ದಳು.

"ಇವತ್ತಾದ್ರೂ ಉತ್ತರ ಸಿಗುತ್ತಾ ಸಿಸ್ಟರ್?" ಗ್ಲೌಸ್ ಹಾಕುತ್ತಾ ಡಾಕ್ಟರು ಮಾಸ್ಕಿನ ಮೇಲೆ ಒಂದು ಹುಬ್ಬು ಏರಿಸಿದರು.

"ಮೊದಲು ಸೂಜಿ ನೋಡಿ."

"ಅಪ್ಪಣೆ!"

ಆಯಾ ಸುಮ್ಮಸುಮ್ಮನೆ ಕೆಮ್ಮಿದಳು.

ಸೂಜಿ ಒಳಗಿಳಿಯುತ್ತಿತ್ತು. ಅಲೆ ಮಲಗಿತು. ಅಂಕಿ ಇನ್ನೂ ತೊಂಬತ್ತೆಂಟು.

"ಉಸಿರಿಲ್ಲ. ನಿಲ್ಲಿಸಿ."

ನನ್ನ ಮಾತು ಮುಗಿಯುವಷ್ಟರಲ್ಲಿ ಸೂಜಿ ಹೊರಗಿತ್ತು. ಮಗುವಿನ ಕತ್ತು ನೇರ ಮಾಡಿ ದವಡೆ ಎತ್ತಿ ಹಿಡಿದೆ. ಒಂದು, ಎರಡು, ಮೂರು. ಅಲೆ ಎದ್ದಿತು. ಅಂಕಿ ಕೊನೆವರೆಗೂ ಕದಲಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಿದೆವು, ಸಲೀಸಾಗಿ ಮುಗಿಯಿತು. ಕೈ ತೊಳೆಯುವಾಗ ಡಾಕ್ಟರಿಗೆ ಹೇಳಿದೆ. "ನೀವು ನಂಬರ್ ನೋಡ್ಲೇ ಇಲ್ಲ."

"ಯಾಕೆ ನೋಡ್ಬೇಕು? ನೀವು ಹೇಳಿದ್ರಲ್ಲ."

ಒಳಗೆ ಮರಗಟ್ಟಿದ್ದದ್ದು ಬಿಡತೊಡಗಿತು. ಕಾಲಿನ ಜೋಮು ಬಿಡುವಾಗ ಆಗುವಂತೆ, ಮೊದಲು ಬಂದದ್ದು ನೋವೇ. ಆ ಹುಡುಗಿಗಾಗಿ ಒಂದು ವರ್ಷ ತಡವಾಗಿ ಅತ್ತೆ. ಡಾಕ್ಟರು ನಲ್ಲಿ ನಿಲ್ಲಿಸಿ ಪಕ್ಕದಲ್ಲಿ ನಿಂತರು.

"ಹೂಂ," ಅಂದೆ, ಮೂಗು ಒರೆಸಿಕೊಂಡು.

"ಏನು ಹೂಂ?"

"ಹನ್ನೊಂದು ದಿನದ ಹಿಂದೆ ಕೇಳಿದ್ರಲ್ಲ, ಅದಕ್ಕೆ."

ಅವರು ಅಷ್ಟು ದಿನ ಬಿಗಿಹಿಡಿದಿದ್ದ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.