ಬೂದಿಮುಖ ಒಯ್ದ ತದಿಗೆ

ಬಹಳ ಕಾಲದ ಹಿಂದೆ, ಉಪ್ಪಿನ ಹೇರು ಹೊತ್ತ ಎತ್ತುಗಳಿಗೆ ಮಾತ್ರ ದಾರಿ ಗೊತ್ತಿರುವಷ್ಟು ದೂರದಲ್ಲಿ, ಹೇಮಗಲ್ಲು ಎಂಬ ರಾಜ್ಯವಿತ್ತು. ಅಲ್ಲಿ ಒಂದು ಪದ್ಧತಿ. ದಿನಾ ಬೆಳಗ್ಗೆ ಸಾರುವಯ್ಯ ಕೋಟೆ ಬಾಗಿಲ ಮೇಲೆ ನಿಂತು ಡಂಗುರ ಹೊಡೆಯಬೇಕು. ಹಿಂದೆ ಇದೇ ತಿಥಿಯಲ್ಲಿ ಯಾರು ಹುಟ್ಟಿದರು, ಯಾರು ತೀರಿಕೊಂಡರು, ಏನು ನಡೆಯಿತು ಎಂದು ಸಾರಬೇಕು. ಸಾರಿದ ಮೇಲೆಯೇ ಅಲ್ಲಿ ಸೂರ್ಯ ಏಳುತ್ತಿದ್ದ.

ಆದರೆ ಸಾರುತ್ತಿದ್ದದ್ದು ಅರಮನೆಯ ಸುದ್ದಿ ಮಾತ್ರ. ಕಾರ್ತಿಕ ಬಹುಳ ತದಿಗೆಯಂದು ಯಾವ ರಾಜನೂ ಹುಟ್ಟಿರಲಿಲ್ಲ, ಯಾವ ರಾಣಿಯೂ ಸತ್ತಿರಲಿಲ್ಲ, ಯಾವ ಯುದ್ಧವನ್ನೂ ಗೆದ್ದಿರಲಿಲ್ಲ. ಸಾರುವಯ್ಯ "ಇಂದು ವಿಶೇಷವೇನಿಲ್ಲ" ಎಂದು ಕೂಗಿ, ಡಂಗುರ ಕಂಕುಳಲ್ಲಿಟ್ಟು ಮನೆಗೆ ಹೋಗುತ್ತಿದ್ದ. ಸೂರ್ಯನೂ ಆಕಳಿಸುತ್ತಲೇ ಏಳುತ್ತಿದ್ದ.

ಒಮ್ಮೆ ಅರಸ ಕಂಚರಸನ ಪಟ್ಟದಾನೆ ಕಾಯಿಲೆ ಬಿತ್ತು. ಬೂದಿಗುಡ್ಡದ ಮಾಯಾವಿ ಬೂದಿಮುಖ ಬಂದು ಅದನ್ನು ಎಬ್ಬಿಸಿ ನಿಲ್ಲಿಸಿದ.

"ಏನು ಬೇಕು ಕೇಳು" ಎಂದ ಅರಸ.

"ಹೊನ್ನು ಬೇಡ, ಊರು ಬೇಡ. ನಿಮ್ಮ ಪಂಚಾಂಗದಲ್ಲಿ ಏನೂ ನಡೆಯದ ದಿನ ಒಂದಿದ್ದರೆ ಕೊಡಿ."

ಅರಸ ಹೊಟ್ಟೆ ಹಿಡಿದುಕೊಂಡು ನಕ್ಕ. "ಇದೂ ಒಂದು ಬೇಡಿಕೆಯೇ! ಏನೂ ನಡೆಯದ ಆ ತದಿಗೆ ಇನ್ನು ನಿನ್ನದು" ಎಂದು ಧಾರೆ ಎರೆದುಕೊಟ್ಟ. ಬೂದಿಮುಖ ಆ ದಿನವನ್ನು ಪಂಚೆಯ ಹಾಗೆ ಮಡಿಸಿ ಜೋಳಿಗೆಗೆ ಹಾಕಿಕೊಂಡು ಹೋದ. ಅಂಥ ದಿನಗಳನ್ನು ತಿಂದೇ ಅವನು ಸಾವಿಲ್ಲದೆ ಬದುಕಿದ್ದ.

ಆ ವರ್ಷ ಬಿದಿಗೆಯ ಮಾರನೆಯ ಬೆಳಗ್ಗೆ ಚೌತಿ ಬಂತು. ಒಂದು ದಿನದ ಕೂಳು ಉಳಿಯಿತು ಎಂದುಕೊಂಡರು ಜನ. ಆಮೇಲೆ ಗೊತ್ತಾಯಿತು. ತದಿಗೆಯಂದು ತೀರಿಕೊಂಡವರಿಗೆ ಎಡೆ ಇಡಲು ತಿಥಿಯೇ ಇಲ್ಲ. ತದಿಗೆಯಂದು ಕಟ್ಟಿ ಮುಗಿಸಿದ್ದ ಕೆರೆಯ ಏರಿ ಜಿನುಗತೊಡಗಿತು. ತದಿಗೆಯಂದು ಹುಟ್ಟಿದವರ ನೆರಳು ಮಾಯವಾಯಿತು, ಆಮೇಲೆ ದನಿ ಇಂಗಿತು.

ಹಾಗೆ ದನಿ ಇಂಗಿದವರಲ್ಲಿ ತುಂಗಬ್ಬೆ ಎಂಬ ಹುಡುಗಿ ಒಬ್ಬಳು. ಅವಳ ತಾಯಿ ಸೋವಕ್ಕ ಕಡಲತಡಿಯಿಂದ ಉಪ್ಪು ತಂದು ಮಾರುವ ದೊಡ್ಡ ವ್ಯಾಪಾರಿ. ಮಗಳು ಬಿಸಿಲಲ್ಲಿ ನಿಂತರೆ ಹಿಂದಿನ ಗೋಡೆ ಕಾಣುವ ಹಾಗಾದಾಗ ಸೋವಕ್ಕ ಅಳುತ್ತ ಕೂರಲಿಲ್ಲ. ನೇರ ಅರಮನೆಗೆ ನಡೆದಳು.

"ಪ್ರಭು, ನನ್ನ ಮಗಳು ಹುಟ್ಟಿದ ದಿನವನ್ನು ದಾನ ಮಾಡಲು ನೀವು ಯಾರು?"

ಅರಸ ತಲೆ ತಗ್ಗಿಸಿದ. "ತಪ್ಪಾಯಿತು ಸೋವಕ್ಕ. ಆದರೆ ಧಾರೆ ಎರೆದದ್ದನ್ನು ವಾಪಸು ಕೇಳುವ ಹಾಗಿಲ್ಲ."

"ಏನೆಂದು ಹೇಳಿ ಕೊಟ್ಟಿರಿ?"

"ಏನೂ ನಡೆಯದ ದಿನ ಎಂದು."

"ಹಾಗಾದರೆ ಮುರಿಯಿತು ಬಿಡಿ! ಮಾಲು ಹೇಳಿದಂತೆ ಇಲ್ಲದಿದ್ದರೆ ವ್ಯಾಪಾರ ನಿಲ್ಲುವುದಿಲ್ಲ. ನನ್ನ ತದಿಗೆ ಖಾಲಿ ದಿನವಲ್ಲ ಅಂತ ಅವನ ಮುಖದ ಮೇಲೆ ಹೇಳಿ ಬರುತ್ತೇನೆ."

ಒಂದು ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಹೊರಟಳು. ಬೂದಿಗುಡ್ಡದ ಮೊದಲ ಬಾಗಿಲಲ್ಲಿ ಕಬ್ಬಿಣದ ಕೋರೆಯ ಹಂದಿ ಕಾವಲಿತ್ತು.

"ತದಿಗೆ ಕೇಳಲು ಬಂದೆಯಾ? ಆ ದಿನ ನಡೆದದ್ದು ಒಂದು ಹೇಳು. ಸುಳ್ಳಾದರೆ ಸೀಳುತ್ತೇನೆ."

"ನಮ್ಮ ಕೆರೆ ಏರಿ ಒಡೆದಾಗ ಊರಿಗೆ ಊರೇ ಮಣ್ಣು ಹೊತ್ತು ಕಟ್ಟಿ ಮುಗಿಸಿದ್ದು ಅವತ್ತು" ಎಂದಳು ಸೋವಕ್ಕ.

"ಯಾವ ರಾಜ ಕಟ್ಟಿಸಿದ?"

"ರಾಜ ಬೇಟೆಗೆ ಹೋಗಿದ್ದ. ಕಟ್ಟಿದವರು ನಾವು. ನಂಬದಿದ್ದರೆ ನೆಕ್ಕಿ ನೋಡು." ಏರಿಯಿಂದ ತಂದಿದ್ದ ಮಣ್ಣಿನ ಹೆಂಟೆಯನ್ನು ಮುಂದೆ ಹಿಡಿದಳು.

ಹಂದಿ ನೆಕ್ಕಿತು. ಎಷ್ಟೋ ಜನರ ಬೆವರು ಇನ್ನೂ ಅದರಲ್ಲಿ ಉಪ್ಪುಪ್ಪಾಗಿತ್ತು. "ನಿಜ" ಎಂದು ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಬಿಳಿ ಕರಡಿ ಮಲಗಿತ್ತು. "ಆ ದಿನ ಸತ್ತವರು ಒಬ್ಬರನ್ನು ಹೇಳು."

"ಸೂಲಗಿತ್ತಿ ಪುಟ್ಟಜ್ಜಿ. ಅರ್ಧ ಊರು ಅವಳ ಕೈಗೆ ಬಿದ್ದು ಅತ್ತದ್ದು. ಕಂಚರಸನೂ ಅವಳ ಕೈಗೇ ಬಿದ್ದವನು."

"ಅವಳಿಗೆ ಡಂಗುರ ಹೊಡೆದರೋ?"

"ಇಲ್ಲ. ಆದರೆ ಅವತ್ತು ಊರಲ್ಲಿ ಯಾರ ಮನೆಯ ಒಲೆಯೂ ಉರಿಯಲಿಲ್ಲ. ಯಾವ ರಾಜ ಸತ್ತಾಗ ಹೇಳದೆ ಕೇಳದೆ ಹಾಗೆ ಆಗಿದೆ, ನೀನೇ ಹೇಳು!"

ಕರಡಿ ಎದ್ದು ಕೂತಿತು. "ನಿಜ. ಆದರೆ ತಂಗಿ, ಮುಂದೆ ಹೋಗಬೇಡ. ಈ ಹೊಸ್ತಿಲು ದಾಟಿದ ಮನುಷ್ಯರ ನಾಲಗೆಯಲ್ಲಿ ಆ ದಿನ ಹುಟ್ಟಿದವರ ಹೆಸರು ನಿಲ್ಲುವುದಿಲ್ಲ. ಬಾಯಿ ಬಿಟ್ಟು ನಿಂತವರೆಲ್ಲ ಅಗೋ, ಕಲ್ಲಾಗಿದ್ದಾರೆ."

ಸೋವಕ್ಕ ಯೋಚಿಸಿದಳು. ಕಳ್ಳರ ಭಯವಿರುವ ದಾರಿಯಲ್ಲಿ ಒಳ್ಳೆಯ ಸರಕನ್ನು ಮುಂಚೆಯೇ ನಂಬಿಕಸ್ಥರ ಮನೆಯಲ್ಲಿಟ್ಟು ಹೋಗುವುದು ಹೇರಿನವರ ರೂಢಿ. "ಕರಡಣ್ಣ, ನಿನಗೆ ಮರೆವು ತಟ್ಟುವುದಿಲ್ಲವೋ?"

"ನಾನು ಮೃಗ. ನನಗೆಲ್ಲಿಯ ತಿಥಿ, ಎಲ್ಲಿಯ ವಾರ!"

"ಉಪ್ಪು ತಿಂದು ಎಷ್ಟು ಕಾಲವಾಯಿತು?"

"ಅಯ್ಯೋ, ಅದನ್ನು ಕೇಳಬೇಡ. ಬೂದಿ ಕಲಸಿದ ಸಪ್ಪೆ ಕೂಳು ತಿಂದು ತಿಂದು ನಾಲಗೆ ಸತ್ತಿದೆ."

ಸೋವಕ್ಕ ಹೇರು ಬಿಚ್ಚಿ ಉಪ್ಪನ್ನೆಲ್ಲ ಅದರ ಮುಂದೆ ಸುರಿದಳು. ಆಮೇಲೆ ಕರಡಿಯ ಕಿವಿಯಲ್ಲಿ ಮಗಳ ಹೆಸರು ಹೇಳಿ, "ಕೇಳಿದಾಗ ವಾಪಸು ಕೊಡು" ಎಂದು ಹೊಸ್ತಿಲು ದಾಟಿದಳು.

ಮೂರನೆಯ ಬಾಗಿಲಲ್ಲಿ ಬೂದಿಮುಖನೇ ಕೂತಿದ್ದ. ತೊಡೆಯ ಮೇಲೆ ಜೋಳಿಗೆ. "ಬಾ ಉಪ್ಪಿನವಳೇ. ನಡೆದದ್ದು ಹೇಳಿದೆ, ಸತ್ತವರನ್ನು ಹೇಳಿದೆ. ಹುಟ್ಟಿದವರು ಒಬ್ಬರ ಹೆಸರು ಹೇಳಿಬಿಡು, ದಿನ ನಿನ್ನದು."

ಸೋವಕ್ಕ ಬಾಯಿ ತೆರೆದಳು. ಮಗಳ ಮುಖ ಕಣ್ಣಮುಂದೆ ಇತ್ತು, ಮುಂದಿನ ಹಲ್ಲು ಬಿದ್ದ ಬಾಯಿ ಇತ್ತು. ಹೆಸರು ಮಾತ್ರ ಇರಲಿಲ್ಲ. ಅವಳ ಕಾಲಿನ ಹೆಬ್ಬೆರಳು ಆಗಲೇ ಕಲ್ಲಾಗತೊಡಗಿತು.

"ಹೆತ್ತವಳಿಗೇ ನೆನಪಿಲ್ಲ! ಎಂಥ ತಾಯಿಯಮ್ಮ ನೀನು!" ಎಂದು ಬೂದಿಮುಖ ಕೇಕೆ ಹಾಕಿದ.

ಸೋವಕ್ಕ ತಿರುಗಿ ಕೂಗಿದಳು. "ಕರಡಣ್ಣಾ! ನಾನು ಇಟ್ಟದ್ದನ್ನು ಕೊಡೋ!"

ಹಿಂದಿನ ಬಾಗಿಲಿಂದ ಗುಡ್ಡ ನಡುಗುವ ಹಾಗೆ ಕರಡಿ ಗರ್ಜಿಸಿತು. "ತುಂಗಬ್ಬೆ! ಉಪ್ಪಿನ ಸೋವಕ್ಕನ ಮಗಳು ತುಂಗಬ್ಬೆ!"

"ಇದು ಮೋಸ! ಅದು ನನ್ನ ಆಳು!" ಎಂದು ಬೂದಿಮುಖ ಎದ್ದು ನಿಂತ.

"ಇನ್ನೂ ಒಳ್ಳೆಯದಾಯಿತು" ಎಂದಳು ಸೋವಕ್ಕ. "ನಿನ್ನ ಮನೆಯವರೇ ಸಾಕ್ಷಿ ಹೇಳಿದ ಮೇಲೆ ಇನ್ನು ಯಾರನ್ನು ಕರೆಯಲಿ? ಕೇಳಿದ್ದು ಏನೂ ನಡೆಯದ ದಿನ. ನಿನ್ನ ಹತ್ತಿರ ಇರುವುದು ಅದಲ್ಲ. ತೆಗೆ ಇತ್ತ."

ಮಾಯಾವಿಗೂ ಆಡಿದ ಮಾತಿನ ಕಟ್ಟು ಇರುತ್ತದೆ. ಜೋಳಿಗೆ ತಾನಾಗಿ ಬಿಚ್ಚಿಕೊಂಡಿತು. ಮಡಿಸಿಟ್ಟ ತದಿಗೆ ಪಟಪಟನೆ ಬಿಚ್ಚಿ ಆಕಾಶದ ತುಂಬ ಹರಡಿತು. ಅದರ ಹಿಂದೆಯೇ ಬೇರೆ ಬೇರೆ ರಾಜ್ಯಗಳಿಂದ ಕದ್ದ ದಿನಗಳೆಲ್ಲ ಹಾರಿಹೋದವು. ತಿನ್ನಲು ದಿನ ಉಳಿಯದ ಬೂದಿಮುಖ ನಿಂತಲ್ಲೇ ಒಂದು ಹಿಡಿ ಬೂದಿಯಾದ. ಕಲ್ಲಾದವರು ಮೈಮುರಿದು ಎದ್ದು ತಮ್ಮ ತಮ್ಮ ಊರಿನ ದಾರಿ ಹಿಡಿದರು. ಹಂದಿಯೂ ಕರಡಿಯೂ ಸೋವಕ್ಕನ ಹೇರಿನ ಕಾವಲಿಗೆ ಸೇರಿಕೊಂಡವು. ಸಂಬಳ, ದಿನಕ್ಕೊಂದು ಬೊಗಸೆ ಉಪ್ಪು.

ಮುಂದಿನ ಕಾರ್ತಿಕ ಬಹುಳ ತದಿಗೆಯ ಬೆಳಗ್ಗೆ ಕಂಚರಸನೇ ಕೋಟೆ ಬಾಗಿಲಿಗೆ ಬಂದು ಡಂಗುರವನ್ನು ಜನರ ಮುಂದೆ ಇಟ್ಟ. "ಇಂದು ಅರಮನೆಯ ಸುದ್ದಿ ಏನೂ ಇಲ್ಲ. ನಿಮ್ಮದು ಸಾರಿ."

ಜನ ಒಬ್ಬರ ಮುಖ ಒಬ್ಬರು ನೋಡಿದರು. ಆಗ ತುಂಗಬ್ಬೆ ಪಂಜಿನ ಬೆಳಕಿನಲ್ಲಿ ಉದ್ದನೆಯ ನೆರಳು ಎಳೆದುಕೊಂಡು ಮೆಟ್ಟಿಲು ಹತ್ತಿದಳು. ಡಂಗುರಕ್ಕೆ ಬಲವಾಗಿ ಒಂದು ಬಿಟ್ಟು, ಮರಳಿ ಬಂದ ದನಿಯನ್ನೆಲ್ಲ ಸೇರಿಸಿ ಕೂಗಿದಳು.

"ಇಂದು ನಾನು ಹುಟ್ಟಿದೆ!"

ಅವಳ ಹಿಂದೆ ಕುಂಬಾರ ಬಂದ, ಅಂಬಿಗ ಬಂದ. ಪುಟ್ಟಜ್ಜಿಯ ಹೆಸರು ಹೇಳಲು ಸಾಲು ನಿಂತಿತು, ಆ ಸಾಲಿನಲ್ಲಿ ಅರಸನೂ ನಿಂತ. ಏರಿ ಕಟ್ಟಿದವರೆಲ್ಲ ಒಟ್ಟಿಗೆ ಕೂಗಿದಾಗ ಕೆರೆ ತೆರೆಯೆದ್ದು ಓಗೊಟ್ಟಿತು. ಸಾರಿ ಮುಗಿಯುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಅಷ್ಟು ಹೊತ್ತೂ ಸೂರ್ಯ ಬೆಟ್ಟದ ಅಂಚಿನಲ್ಲಿ ಕಾದು ನಿಂತಿದ್ದ. ಆಮೇಲೆ ಎದ್ದ. ಅವತ್ತು ಅವನು ಆಕಳಿಸಲಿಲ್ಲ.

ಹೇಮಗಲ್ಲಿನಲ್ಲಿ ಇವತ್ತಿಗೂ ವರ್ಷದಲ್ಲಿ ತಡವಾಗಿ ಬೆಳಗಾಗುವ ದಿನ ಅದೊಂದೇ. ಅಲ್ಲಿಯವರು ಅದನ್ನು ಎದೆ ಉಬ್ಬಿಸಿ ಹೇಳಿಕೊಳ್ಳುತ್ತಾರೆ, ಉಂಡುಟ್ಟು ಸುಖವಾಗಿದ್ದಾರೆ.