ಎದೆಪಟ್ಟಿಯ ಹಸಿರು ದೀಪ

ನೇತ್ರಾಣಿ ದ್ವೀಪದ ಬಂಡೆಗಳ ಬುಡದಲ್ಲಿ ಪ್ರವಾಸಿಗರ ಗುಂಪೊಂದು ಮೀನುಗಳ ನಡುವೆ ಈಜುತ್ತಿತ್ತು. ಪ್ರತಿಯೊಬ್ಬರ ಎದೆಯ ಮೇಲೂ ಅಂಗೈಯಗಲದ ಪಟ್ಟಿ, ಪ್ರತಿ ಪಟ್ಟಿಯಲ್ಲೂ ಹಸಿರು ದೀಪ. ಅವರಲ್ಲೊಬ್ಬರಿಗೆ ಹಿಂದೆ ಹೃದಯಾಘಾತವಾಗಿತ್ತು. ನೀರಿಗಿಳಿದಾಗ ಕಾಲುಗಳ ರಕ್ತ ಎದೆಯತ್ತ ನುಗ್ಗಿ ಹೃದಯಕ್ಕೆ ಹೊರೆಯಾಗುತ್ತದೆಂದು ವೈದ್ಯರು ಮೊದಲೆಲ್ಲ ಇಂಥವರನ್ನು ತಡೆಯುತ್ತಿದ್ದರು. ಈಗ ಪಟ್ಟಿಯೇ ಬಡಿತವನ್ನು ಆಲಿಸಿ, ದುರ್ಬಲವಾದಲ್ಲಿ ಸಣ್ಣ ವಿದ್ಯುತ್ ಮಿಡಿತ ಕೊಟ್ಟು ಅದಕ್ಕೆ ಬಲ ತುಂಬುತ್ತಿತ್ತು.

ಗುಂಪಿನ ಮುಂದಾಳು ಮಾಸ್ತಪ್ಪ ಖಾರ್ವಿಗೆ ಆ ದೀಪದ ಮೇಲೆ ನಂಬಿಕೆಯಿರಲಿಲ್ಲ. ಹೃದಯ ಕೆಟ್ಟರೆ ಕೆಂಪಾಗಬೇಕಿದ್ದ ಅದು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕೆಂಪಾದದ್ದನ್ನು ಅವನು ಕಂಡಿರಲಿಲ್ಲ.

ಪಟ್ಟಿಯನ್ನು ಕಂಡುಹಿಡಿದ ಡಾ. ವಿದ್ಯುಲ್ಲತಾ ಶಾನಭಾಗ ಅಂದು ದೋಣಿಯಲ್ಲೇ ಇದ್ದರು. ಗುಂಪಿನೊಡನೆ ನೀರಿನಿಂದ ಮೇಲೆ ಬಂದವನೇ ಮಾಸ್ತಪ್ಪ ಕೇಳಿದ:

"ಎಲ್ಲರ ಹೃದಯವೂ ದಿನಾ ಚೆನ್ನಾಗಿರೋದು ಹೆಂಗೆ ಡಾಕ್ಟ್ರೇ?"

"ಚೆನ್ನಾಗಿದೆಯಲ್ಲ, ಬಿಡಿ."

"ಹಂಗಾದ್ರೆ ಇದನ್ನ ತೆಗೆದು ನೋಡ್ತೆ."

"ಬೇಡ!"

ಆ ಮಾತು ತೀರಾ ಬೇಗ ಬಂದಿತ್ತು. ಮಾಸ್ತಪ್ಪ ಅವರ ಮುಖ ನೋಡುತ್ತಲೇ ತನ್ನ ಪಟ್ಟಿಯನ್ನು ಕಿತ್ತ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಉಸಿರು ಸಿಕ್ಕಿಕೊಂಡಿತು. ಕೆಮ್ಮಿದಾಗ ತುಟಿಯ ಮೇಲೆ ಗುಲಾಬಿ ಬಣ್ಣದ ನೊರೆ. ಶ್ವಾಸಕೋಶಕ್ಕೆ ನೀರು ಒಳಗಿನಿಂದಲೇ, ರಕ್ತನಾಳಗಳಿಂದಲೇ ಒಸರುತ್ತಿತ್ತು. ವಿದ್ಯುಲ್ಲತಾ ಪಟ್ಟಿಯನ್ನು ಮತ್ತೆ ಅವನ ಎದೆಗೆ ಒತ್ತಿ ಹಿಡಿದರು, ಆಮ್ಲಜನಕ ಕೊಟ್ಟರು. ದೋಣಿ ದಡದತ್ತ ಓಡಿತು.

ಆಸ್ಪತ್ರೆಯಲ್ಲಿ ತಿಳಿದದ್ದು: ಅವನ ಹೃದಯದ ಸ್ನಾಯು ವರ್ಷಗಳಿಂದ ಸೋಲುತ್ತಾ ಬಂದಿತ್ತು.

"ಪಟ್ಟಿಗೆ ಗೊತ್ತಿತ್ತಾ?" ಮಾಸ್ತಪ್ಪ ಮಲಗಿದಲ್ಲಿಂದಲೇ ಕೇಳಿದ.

"ಗೊತ್ತಿತ್ತು."

"ನಿಮ್ಗೆ?"

"ಯಾರಿಗೆ ಏನಾಗಿದೆ ಅಂತ ನನಗೆ ಗೊತ್ತಾಗಲ್ಲ. ಆದರೆ ಅದು ಬಾಯಿ ಬಿಡಲ್ಲ ಅನ್ನೋದು ಗೊತ್ತಿತ್ತು." ವಿದ್ಯುಲ್ಲತಾ ತಲೆ ತಗ್ಗಿಸಿದರು. "ನೀರಿನಡಿ ಹೆದರಿದರೆ ಜೀವಕ್ಕೇ ಅಪಾಯ ಅಂತ ಕಂಪನಿಯವರು ಹೇಳಿದರು. ನಾನು ಒಪ್ಪಿಕೊಂಡೆ."

"ದಡದಲ್ಲಿ ಹೇಳ್ಬಹುದಿತ್ತಲ್ಲ? ಮೊದ್ಲೇ ಗೊತ್ತಾಗಿದ್ರೆ ಮದ್ದಾದ್ರೂ ಮಾಡ್ತಿದ್ದೆ."

ಆಮೇಲೆ ವಿದ್ಯುಲ್ಲತಾ ಕಂಪನಿಯೊಡನೆ ಜಗಳವಾಡಿ ಹೊಸ ಪಟ್ಟಿ ತಂದರು. ಅದರಲ್ಲಿ ಎರಡು ಗುಂಡಿಗಳಿದ್ದವು. ಒಂದನ್ನು ಒತ್ತಿದರೆ ಹೃದಯದ ಸ್ಥಿತಿಯನ್ನು ಇದ್ದದ್ದಿದ್ದಂತೆ ಹೇಳುತ್ತಿತ್ತು, ಇನ್ನೊಂದನ್ನು ಒತ್ತಿದರೆ ಸುಮ್ಮನಿರುತ್ತಿತ್ತು. ಆಯ್ಕೆ ಧರಿಸುವವರದು.

ಮಾಸ್ತಪ್ಪ ಮತ್ತೆ ನೀರಿಗಿಳಿಯಲಿಲ್ಲ, ದೋಣಿ ನಡೆಸುವುದಷ್ಟೇ ಅವನ ಕೆಲಸವಾಯಿತು. ಹೊಸ ಪಟ್ಟಿ ಬಂದ ಮೊದಲ ಬೆಳಿಗ್ಗೆ ಒಬ್ಬೊಬ್ಬರೂ ಸುಮ್ಮನಿರುವ ಗುಂಡಿಯನ್ನೇ ಒತ್ತುವುದನ್ನು ಅವನು ನೋಡಿದ.

"ಎಂತಕ್ಕೆ?" ಎಂದು ಹೆಂಗಸೊಬ್ಬಳನ್ನು ಕೇಳಿದ.

"ರಜೆಗೆ ಬಂದಿದೀವಿ. ಇವತ್ತೇ ಯಾಕೆ ಕೆಟ್ಟ ಸುದ್ದಿ ಕೇಳ್ಬೇಕು?"

ಮಾಸ್ತಪ್ಪ ಎಂಜಿನ್ ಆರಿಸಿದ. "ಹಂಗಾದ್ರೆ ನನ್ ದೋಣಿ ಹೊರಡೂದಿಲ್ಲ."

ಅವರು ಗೊಣಗುತ್ತಾ ಇಳಿದು ಪಕ್ಕದ ದೋಣಿ ಹತ್ತಿದರು. ಅದು ದ್ವೀಪದತ್ತ ಹೊರಟಿತು. ಅದರಲ್ಲಿದ್ದವರೆಲ್ಲ ನಗುನಗುತ್ತಾ ಮಾಸ್ತಪ್ಪನಿಗೆ ಕೈಬೀಸಿದರು. ಅವರಲ್ಲಿ ಯಾರ ಹೃದಯ ಸೋಲುತ್ತಿದೆಯೋ ಎಂದು ಅವನು ಒಂದೊಂದೇ ಮುಖವನ್ನು ನೋಡುತ್ತಾ ನಿಂತ.